ಶನಿವಾರದ ಸುತ್ತು

೧೪ ಸೆಪ್ಟೆಂಬರ್, ಭಾನುವಾರ

ಪ್ರೀತಿಯ ಲೆಕ್ಕದಕ್ಕ,

ಹೇಗಿದ್ದೀಯ? ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಹಿಡಿದು ಗೋಡೆ ನೋಡುತ್ತಿದ್ದೆ. ಬೈಯಬೇಡ. ಅಥವಾ ಬೈಯಿ, ನಿನ್ನ ಕೈಲಿ ಬೈಸಿಕೊಂಡು ಎಷ್ಟೋ ಕಾಲವಾಯಿತು. ಭಾವನ ಸೊಂಟನೋವು ಇಳಿಯಿತೇ? ನನ್ನ ಮಗಳು ಈಗ ನನ್ನ ಭುಜದವರೆಗೆ ಬಂದಿದ್ದಾಳೆ.

ನಿಮ್ಮ ಶಾಲೆಯಲ್ಲಿ ಭಾಷೆಯ ಟೀಚರ್ ಜಾಗ ಖಾಲಿಯಿದೆ, ತಿಂಗಳ ಕೊನೆಯವರೆಗೆ ನನಗಾಗಿ ಕಾಯುತ್ತಾರೆ ಎಂದು ಬರೆದಿದ್ದೀಯ. ಓದಿ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ಆಮೇಲೆ ಸ್ಟೂಲಿನ ಮೇಲೆ ಕೂತೆ.

ಇಲ್ಲಿ ನೀನು ಲೆಕ್ಕ ಹೇಳಿಕೊಡುತ್ತಿದ್ದಾಗಿನ ದೊಡ್ಡ ಮೇಡಂ ನಿವೃತ್ತರಾಗಿ ಹೊಸ ಹೆಡ್ಮಾಸ್ಟರು ಬಂದಿದ್ದಾರೆ. ನಮಗೆ ತಲೆನೋವು ಬಂದರೆ ಮೇಡಂ ತಾವೇ ಚಾಕ್‌ಪೀಸು ಹಿಡಿದು ನಮ್ಮ ಕ್ಲಾಸಿಗೆ ಹೋಗುತ್ತಿದ್ದರಲ್ಲ, ಆ ಕಾಲ ಹೋಯಿತು. ಇವರೇನೂ ಕಿರುಚುವವರಲ್ಲ, ದನಿಯೇ ಎತ್ತುವುದಿಲ್ಲ. ಇವರು ತಂದಿರುವುದು ಶನಿವಾರದ ಸುತ್ತು. ವಾರದಲ್ಲೊಂದು ದಿನ ಇನ್ನೊಬ್ಬರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಬೇಕು. ಶನಿವಾರ ಎಲ್ಲರೂ ದುಂಡಗೆ ಕೂತಾಗ ಎದ್ದು ನಿಂತು ಅವರದೊಂದು ತಪ್ಪು ಹೇಳಬೇಕು. ಒಳ್ಳೆಯದನ್ನು ಹೇಳುವಂತಿಲ್ಲ, ಅದರಿಂದ ಯಾರೂ ಬೆಳೆಯುವುದಿಲ್ಲವಂತೆ. ತಪ್ಪೇ ಕಾಣಲಿಲ್ಲ ಎಂದವರ ಕ್ಲಾಸಿಗೆ ಸೋಮವಾರ ಹೆಡ್ಮಾಸ್ಟರೇ ಬಂದು ಕೂರುತ್ತಾರೆ.

ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವಲ್ಲ, ಸ್ಟಾಫ್ ರೂಮಿನ ಆ ಮೂಲೆಯಲ್ಲಿ ಈಗ ವಿಜ್ಞಾನದವಳು ಗೋಡೆಗೆ ಮುಖ ಮಾಡಿ ಉಣ್ಣುತ್ತಾಳೆ. ಕೇಳಿದರೆ, ಏನೋ ಮಾತಾಡಿ ಅದೂ ಶನಿವಾರಕ್ಕೆ ಹೋದರೆ ಯಾಕೆ ಎನ್ನುತ್ತಾಳೆ. ನಾನು ಪಾಠದ ನಡುವೆ ಜೋಕು ಹೇಳುವುದನ್ನೇ ಬಿಟ್ಟಿದ್ದೇನೆ. ನಾನು, ನಿನ್ನ ಬಾಯಿಬಡುಕಿ, ನಂಬುತ್ತೀಯಾ?

ಎರಡು ವಾರದ ಹಿಂದೆ ನನ್ನ ಪಾಲಿಗೆ ಡ್ರಾಯಿಂಗ್ ಮೇಷ್ಟ್ರ ಕ್ಲಾಸು ಬಂತು. ಅವರ ಕ್ಲಾಸು ನಿನಗೆ ಗೊತ್ತೇ ಇದೆ. ಮಕ್ಕಳು ನೆಲದ ಮೇಲೆಲ್ಲ ಬೋರಲು ಮಲಗಿ ಬಣ್ಣ ಹಚ್ಚುತ್ತಿದ್ದರು. ನನಗೂ ಒಂದು ಬ್ರಷ್ ಕಸಿದುಕೊಳ್ಳೋಣವೆನಿಸಿತು. ಶನಿವಾರ ಎದ್ದು ನಿಂತು, ಶಿಸ್ತಿಲ್ಲ ಎಂದೆ. ಎಷ್ಟು ಸ್ಪಷ್ಟವಾಗಿ ನೋಡುತ್ತಾರೆ ನೋಡಿ ಎಂದು ಹೆಡ್ಮಾಸ್ಟರು ಎಲ್ಲರಿಗೂ ನನ್ನನ್ನು ತೋರಿಸಿದರು. ಈಗ ಆ ಮಕ್ಕಳು ಸಾಲಾಗಿ ಕೂತು ಬೋರ್ಡಿನ ಮೇಲಿನ ಹೂಕುಂಡ ನೋಡಿ ಬರೆಯುತ್ತಾರೆ. ಕಾರಿಡಾರಿನಲ್ಲಿ ಮೇಷ್ಟ್ರು ಎದುರಾದಾಗ ನನಗೆ ತಲೆಯೆತ್ತಲಾಗಲಿಲ್ಲ. ಅವರೇ ಸಮಾಧಾನ ಮಾಡಿದರು.

"ಹೋಗ್ಲಿ ಬಿಡಮ್ಮ. ನೀನ್ ಹೇಳ್ದೆ ಇದ್ದಿದ್ರೆ ನಿನ್ ತಲೆ ಮೇಲ್ ಬರ್ತಿತ್ತು."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬಿಟ್ಟು ಬಾ ಎನ್ನುತ್ತೀಯ. ಹೇಗೆ ಬರಲಿ? ಮಗಳಿಗೆ ಇದೇ ಶಾಲೆಯಲ್ಲಿ ಪರೀಕ್ಷೆಯ ವರ್ಷ. ಟೀಚರ ಮಗಳೆಂದು ಸಿಕ್ಕ ಸೀಟು, ನಾನು ಬಿಟ್ಟರೆ ಅದೂ ಹೋಗುತ್ತದೆ. ಎಲ್ಲಾ ಕಡೆ ಇರುವುದೇ, ಒಂದು ವರ್ಷ ಹಲ್ಲುಕಚ್ಚಿಕೊಂಡಿರು ಎಂದರು ನಮ್ಮ ಮನೆಯವರು. ಹಲ್ಲುಕಚ್ಚಿಕೊಂಡು ಪದ್ಯ ಹೇಳಿಕೊಡುವುದು ಹೇಗೆಂದು ಅವರನ್ನೇ ಕೇಳಬೇಕು. ಬೆಳಿಗ್ಗೆ ಬೆಲ್ ಹೊಡೆಯುವವರೆಗೂ ಗೇಟಿನ ಹೊರಗೇ ನಿಂತಿರುತ್ತೇನೆ ಅಕ್ಕ. ಆದರೂ ಒಳಗೆ ಹೋಗುತ್ತೇನೆ. ಆ ಜಾಗವನ್ನು ಬೇರೆ ಯಾರಿಗಾದರೂ ಕೊಡಲು ಹೇಳು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಶಾಲೆ ನಿನ್ನನ್ನು ನಗಿಸುತ್ತಿರಲಿ.

ನಿನ್ನ
ಬಾಯಿಬಡುಕಿ

ತಾ.ಕ.: ಮರೆತಿದ್ದೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ನಿನ್ನೆ ಸಂಜೆ ಮಗಳು ತಾನೇ ಬರೆದ ಕಥೆಯೊಂದನ್ನು ನನಗೆ ಓದಿ ಹೇಳಿದಳು. ಮುಗಿಸಿದ ಮೇಲೆ, ಚೆನ್ನಾಗಿದೆಯಾ ಎಂದು ಕೇಳಲಿಲ್ಲ. ಎದ್ದು ನಿಂತು, ಕೈ ಹಿಂದೆ ಕಟ್ಟಿಕೊಂಡು, "ಏನ್ ತಪ್ಪಿದೆ ಹೇಳಮ್ಮ" ಎಂದಳು. ಸುತ್ತಿನ ವಿಷಯ ಅವಳಿಗೆ ನಾನು ಹೇಳಿಯೇ ಇಲ್ಲ. ಏನೂ ಇಲ್ಲ ಪುಟ್ಟೀ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಮೂರು ತಪ್ಪು, ಹೇಳಿಯೂಬಿಟ್ಟೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಅವಳ ಕಥೆ ಯಾವುದರ ಬಗ್ಗೆ ಇತ್ತು ಎಂದು ನೀನು ಕೇಳಿದರೆ, ಅಕ್ಕ, ನನಗೆ ಗೊತ್ತಿಲ್ಲ.