ನಮ್ಮ ತಂಬಿಗೆಯ ನೀರು

ಬೀದರ
ಫಸಲಿ ೧೩೩೪, ಶ್ರಾವಣ ಬಹುಳ ಪಂಚಮಿ

ಪ್ರೀತಿಯ ಮೊಮ್ಮಗ ಹಾವಗೆಪ್ಪನಿಗೆ ನಿನ್ನ ಆಯಿಯ ಆಶೀರ್ವಾದ. ಹೈದರಾಬಾದಿನಲ್ಲಿ ಆರೋಗ್ಯವಾಗಿದ್ದೀಯಾ? ನೆಗಡಿ ಹೋಯಿತೆ? ಅತ್ತರಿನ ಅಂಗಡಿಯಲ್ಲಿ ಕುಳಿತು ನಿನ್ನ ಮೂಗು ನಾಜೂಕಾಗಿರಬೇಕು. ಈ ಕಾಗದವನ್ನು ಉಣ್ಣುವ ಮೊದಲು ಓದಬೇಡ, ಉಂಡ ಮೇಲೂ ಓದಬೇಡ. ಮಠದ ಮರಳಿನಲ್ಲಿ ಕಲಿತ ನಾಲ್ಕು ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊ.

ನಿನ್ನ ಮುತ್ಯಾನ ಮೂತ್ರದ ಕಲ್ಲನ್ನು ಕೊಯ್ದು ತೆಗೆದು ಇಂದಿಗೆ ಹದಿನೈದು ದಿನ. ಗಾಯ ಒಣಗಿದೆ. ಕೊಯ್ದವರ ಕೈಯಲ್ಲಿ ನಾನು ತಪ್ಪು ಹುಡುಕುವುದಿಲ್ಲ. ಆದರೆ ಆರನೆಯ ದಿನದಿಂದ ಭೇದಿ ಹತ್ತಿದೆ. ಹೊಟ್ಟೆ ಹಿಂಡಿ ಹಿಂಡಿ ರಕ್ತವೂ ಆಮವೂ ಬೀಳುತ್ತದೆ. ಭಾಲ್ಕಿಯಿಂದ ಬಂಡಿಯಲ್ಲಿ ಬರುವಾಗ ದಾರಿಯಲ್ಲಿ ಎರಡು ರೊಟ್ಟಿ ತಿಂದು ಅರಗಿಸಿದ ನಮ್ಮ ಯಜಮಾನರು, ಹೊಟ್ಟೆಯ ರೋಗವನ್ನು ಇಲ್ಲಿ ಬಂದೇ ಪಡೆದರು.

ಜಾಗೀರದಾರರು ಕಟ್ಟಿಸಿದ ದವಾಖಾನೆಯಂತೆ. ಹೊರಗೋಡೆಗೆ ಸುಣ್ಣ, ಒಳಗೆ ನರಕ. ಕೊಯ್ಸಿಕೊಂಡವರು ಎಂಟು ಮಂದಿ ಒಂದೇ ಕೋಣೆಯಲ್ಲಿ, ಮಲದ ಪಾತ್ರೆಗಳು ಎರಡೇ. ಒಬ್ಬನ ಕೆಳಗಿಂದ ಎಳೆದು, ಒಂದು ಚಂಬು ನೀರು ತೋರಿಸಿ, ಇನ್ನೊಬ್ಬನ ಕೆಳಗೆ ತಳ್ಳುತ್ತಾರೆ. ಅಂಚಿಗೆ ಒಣಗಿ ಅಂಟಿದ್ದು ಹಾಗೆಯೇ ಇರುತ್ತದೆ. ಅದರ ಮೇಲೆ ಕುಳಿತ ನೊಣಗಳೇ ಎದ್ದು ಬಂದು ಗಂಜಿಯ ಮೇಲೆ ಕೂರುತ್ತವೆ. ನನ್ನ ಸೆರಗಿಗೆ ಹತ್ತಿದ ನಾತ ಸೀಗೆಕಾಯಿಗೂ ಬಗ್ಗಲಿಲ್ಲ. ನಿನ್ನ ಅಂಗಡಿಯ ಅತ್ತರನ್ನೆಲ್ಲ ಸುರಿದರೂ ಹೋಗುವುದಿಲ್ಲ.

ಇಂಥವರು ಕೊಡುವ ನೀರನ್ನು ಕುಡಿಯುವುದು ಹೇಗೆ? ಹಬೀಬನೆಂಬ ಚಾಕರ ಹಂಡೆಯಲ್ಲಿ ಕುದಿಸಿ ಆರಿಸಿ ಹಾಸಿಗೆ ಹಾಸಿಗೆಗೆ ತಂದು ಕೊಡುತ್ತಾನೆ. ಲಿಂಗಕ್ಕೆ ಎರೆಯದೆ ನಾವು ನೀರು ಮುಟ್ಟಿದವರಲ್ಲ. ಯಾರೋ ಕುದಿಸಿದ್ದು ಲಿಂಗಕ್ಕೆ ಎರೆಯುವ ಅಗ್ಗಣಿಗೆ ಆದೀತೆ? ಅದನ್ನು ಗಟಾರಕ್ಕೆ ಚೆಲ್ಲಿ, ನಮ್ಮದೇ ಹಗ್ಗ, ನಮ್ಮದೇ ತಂಬಿಗೆಯಿಂದ ಹಿತ್ತಲ ಬಾವಿಯ ನೀರು ಸೇದಿ, ಬಟ್ಟೆಯಲ್ಲಿ ಸೋಸಿ ತಂದೆ. ಪಕ್ಕದ ಹಾಸಿಗೆಯಲ್ಲಿ ಔರಾದದ ಕಾಶೀರಾಮ, ಅಂಡವಾಯುವಿಗೆ ಕೊಯ್ಸಿಕೊಂಡವನು, ನಿನ್ನ ತಂದೆಯ ವಯಸ್ಸು. ಅವನ ಹೆಂಡತಿ ಕೌಸಲ್ಯಾಬಾಯಿ ನನ್ನ ಶುಚಿ ನೋಡಿ, “ಆಯೀ, ನಮಗೂ ನಿಮ್ಮ ಕೈಲೆ ಒಂದು ತಂಬಿಗಿ ನೀರ ಕೊಡ್ರಿ” ಅಂದಳು. ಇನ್ನೊಂದು ತಂಬಿಗೆಯನ್ನೇ ಕೊಟ್ಟು ದಿನಾ ತುಂಬಿಸಿದೆ. ಕಾಶೀರಾಮನಿಗೂ ಅದೇ ಭೇದಿ ಹತ್ತಿತು. ತಿಣುಕಿ ತಿಣುಕಿ ಹೊಲಿಗೆ ಬಿಚ್ಚಿತು. ಮೊನ್ನೆ ತೀರಿಕೊಂಡ.

ಇಂದು ಡಾಕ್ಟರ ಕುತುಬೋದ್ದೀನ ಸಾಹೇಬರು ಬಂದು, ಯಾವ ನೀರು ಕುಡಿಸಿದಿರಿ ಎಂದು ಕೇಳಿದರು. ದವಾಖಾನೆಯದ್ದೇ ಎಂದೆ. ಮೊದಲು ನಿಮ್ಮ ಪಾತ್ರೆ ತೊಳೆಸಿರಿ ಎಂದೂ ಸೇರಿಸಿದೆ. ಪಾಪ, ತಲೆ ತಗ್ಗಿಸಿ ಹೋದರು.

ಮುತ್ಯಾ ಇಂದು ನಾಲ್ಕು ಸಲ ಮಾತ್ರ ಹೋದರು, ಗಂಜಿ ಹೊಟ್ಟೆಯಲ್ಲಿ ನಿಂತಿದೆ. ಗುರುವಾರದವರೆಗೆ ತಡೆದರೆ ಉಳಿಯುತ್ತಾರಂತೆ. ನಿನ್ನ ಹೆಂಡತಿಗೂ ಕೂಸಿಗೂ ನನ್ನ ಮುದ್ದು ತಿಳಿಸು. ಬಸವಣ್ಣ ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಆಯಿ,
ಬಸಲಿಂಗಮ್ಮ

ತಾ.ಕ. ಟಪಾಲಿಗೆ ಹಾಕುವ ಮೊದಲು ಇದಿಷ್ಟು. ಎಂಟು ಹಾಸಿಗೆಗಳಲ್ಲಿ ಭೇದಿ ಹತ್ತಿದ್ದು ಎರಡಕ್ಕೇ. ಹಬೀಬನ ನೀರು ಕುಡಿದ ಆರು ಮಂದಿ ಗಟ್ಟಿಯಾಗಿದ್ದಾರೆ. ನಿನ್ನೆ ಎಂದಿಗಿಂತ ಬೇಗ ಬಾವಿಗೆ ಹೋಗಿದ್ದೆ. ಆಚೆ ಕೋಣೆಯ ಭೇದಿಯವರ ಪಾತ್ರೆ ತೊಳೆಯುತ್ತಿದ್ದರು. ಆ ನೀರು ಒಡೆದ ಗಟಾರದಿಂದ ಬಾವಿಯ ಕಲ್ಲುಸಂದಿಗೆ ಹಳದಿಯಾಗಿ ಇಳಿಯುತ್ತಿತ್ತು. ಸೇದದೆ ಬರಿ ತಂಬಿಗೆ ಹಿಡಿದು ಮರಳಿದೆ, ಮುತ್ಯಾನಿಗೆ ಹಬೀಬನ ನೀರನ್ನೇ ಕುಡಿಸಿದೆ. ಹಬೀಬ ಮೊದಲ ದಿನವೇ, “ಅದು ಬಟ್ಟಿ ಒಗಿಯೋ ಬಾವಿ ಅದಾರಿ ಅಮ್ಮಾ, ಕುಡಿಯೋದಲ್ಲ” ಅಂದಿದ್ದ. ನನಗೆ ಶುಚಿ ಕಲಿಸಲು ಬಂದೆಯಾ ಎಂದು ಬೈದು ಕಳಿಸಿದ್ದೆ. ಇಂದು ಡಾಕ್ಟರಿಗೆ ಗೊತ್ತಿದ್ದೂ ಸುಳ್ಳು ಹೇಳಿದೆ.

ಮೊನ್ನೆ ಹೆಣ ಬಂಡಿಗೇರಿಸುವ ಮುಂಚೆ ಕೌಸಲ್ಯಾಬಾಯಿ ತಂಬಿಗೆಯನ್ನು ಹುಣಸೆಹುಳಿ ಹಚ್ಚಿ ಬೆಳಗಿ ತಂದು ಕೊಟ್ಟಳು. “ಕಡೀಕ ನಿಮ್ಮ ಕೈ ನೀರ ಕುಡದು ಹ್ವಾದ್ರು ಆಯೀ, ಪುಣ್ಯಾ ನಿಮ್ದು” ಅಂದು ನನ್ನ ಕಾಲು ಮುಟ್ಟಿದಳು. ನಾನು ಉಬ್ಬಿ ಆಶೀರ್ವಾದ ಮಾಡಿದೆ. ಡಾಕ್ಟರಿಗೆ ನಾಳೆ ನಾನೇ ಹೇಳುತ್ತೇನೆ. ಕೌಸಲ್ಯಾಬಾಯಿಗೆ ಹೇಳಲು ಔರಾದಕ್ಕೆ ಒಬ್ಬಳೇ ಹೋಗುವ ಧೈರ್ಯವಿಲ್ಲ, ನೀನು ಬಾ. ಮುತ್ಯಾ ನೀರು ಕೇಳುತ್ತಿದ್ದಾರೆ. ಹಬೀಬನ ಹಂಡೆಯಿಂದ ತರುತ್ತೇನೆ. ಲಿಂಗಕ್ಕೂ ಇನ್ನು ಅದೇ ಅಗ್ಗಣಿ.