ಟಿಟ್ಟಿಭದ ಹಿಂಬೆರಳು

ಭೀಮಶಿ,

ಇವತ್ತ ನಿಮ್ಮವ್ವ ಸಿದ್ದಕ್ಕ ಹುನ್ನೂರಿಂದ ಬಂದಿದ್ದಳು. ನಿನ್ನ ಮಣ್ಣು ಮಾಡಿದ ದಿನ ಆಕಿನ್ನ ನೋಡಿದ್ದು, ಆಮ್ಯಾಲೆ ಇವತ್ತ. "ಮಗ ಬರದ ಹಕ್ಕಿ ಚಿತ್ರ ತೋರಸ್ರಿ ಅಕ್ಕಾರ," ಅಂದಳು.

ಬ್ರಿಟಿಷರ ಕಾಲದ ಪುಸ್ತಕ ನೋಡಿ ನಾವಿಬ್ಬರೂ ನಕಲು ಮಾಡಿದ ಚಿತ್ರ ಒಂದೊಂದ ತೋರಿಸಿದೆ. ಗ್ವಾಡಿ ಮ್ಯಾಲೆ ಗಾಜಿನ ಚೌಕಟ್ಟಿನಾಗ ಹಾಕಿದ್ದ ನಿನ್ನ ಟಿಟ್ಟಿಭ ಹಕ್ಕಿ ಮುಂದ ನಿಂತಳು. "ಇದು ಸತ್ತ ಹಕ್ಕಿ ಅಲ್ಲೇನ್ರಿ? ಜೀವ ಇದ್ರ ಕಾಲು ಹಳದಿ ಇರ್ತಾವು."

ನೀನೂ ಅದನ್ನ ಹೇಳಿದ್ದಿ. ಸಾಹೇಬ್ರು ಗುಂಡು ಹೊಡದು, ಒಣಗಿದ ಹಕ್ಕಿ ಮುಂದಿಟ್ಟುಕೊಂಡು ಬರದಾರ, ಅದಕ್ಕ ಕಾಲು ಬೂದಿ ಬಣ್ಣ ಆಗ್ಯಾವು ಅಂತ. ಕುರಿ ಹಿಂದ ಅಡ್ಡಾಡಿದವ ನೀ, ದಿನಾ ನೋಡಿದ ಹಕ್ಕಿ. ನಿನಗ ಡ್ರಾಯಿಂಗ್ ಕಲಿಸಿದಾಕಿ ನಾ ಏನಂದೆ? "ನಕಲು ಅಂದ್ರ ನಕಲು. ನಿನ್ನ ಶಾಣ್ಯಾತನ ಬ್ಯಾಡ." ಹಚ್ಚಿದ ಹಳದಿ ನೀನ ಹಸಿ ಬಟ್ಟಿಲೆ ಒರಸಿ, ಬೂದಿ ಬಣ್ಣ ಬಳದು, "ಆತ್ರಿ ಅಕ್ಕಾರ" ಅಂದಿ. ಮತ್ತ ಆ ಮಾತು ತಗೀಲಿಲ್ಲ.

ಸಿದ್ದಕ್ಕ ಗಾಜಿನ ಮ್ಯಾಲೆ ಬೆರಳಿಟ್ಟು, "ಇಲ್ಲಿ ನೋಡ್ರಿ," ಅಂದಳು. ಕಾಲಿನ ಹಿಂದಿನ ಸಣ್ಣ ಬೆರಳು, ಎಳ್ಳುಕಾಳಿನಷ್ಟು, ಅಚ್ಚ ಹಳದಿ. ಒರಸಿದಾಗ ಉಳದದ್ದಲ್ಲ ಅದು. ಬೂದಿ ಬಣ್ಣ ಒಣಗಿದ ಮ್ಯಾಲೆ ಹಚ್ಚಿದ್ದು.

ಚಿತ್ರ ಆಕಿ ಕೈಯಾಗ ಕೊಟ್ಟು ಕಳಿಸಿದೆ. ಮೂರು ವರ್ಷ ನನ್ನ ಕುರ್ಚಿ ಎದುರಿಗೇ ಇತ್ತು, ನನಗ ಕಂಡಿರಲಿಲ್ಲ. ನೀ ನನ್ನ ಮಾತು ಕೇಳಿದಿ ಅಂತನ ತಿಳದಿದ್ದೆ.

ಕೇಳಿಲ್ಲ. ಛಲೋ ಮಾಡಿದಿ.