ಒಂದು ಬದಿ ಕಿವುಡು

೮ ಜನವರಿ, ಬುಧವಾರ
ಇಂದೂ ನಮ್ಮ ಕಾಲೇಜಿನ ಉಪಗ್ರಹ ವಿಜಯಪುರದ ಮೇಲೆ ದಾಟಿ ಹೋಯಿತು. ಕಮಾಂಡ್ ಕಳಿಸಿದರೆ ಉತ್ತರವಿಲ್ಲ. ಅಪರೂಪಕ್ಕೊಮ್ಮೆ ಕೊಡುತ್ತದೆ, ಅಷ್ಟೆ.
ಎಚ್‌ಓಡಿ ಗುರಲಿಂಗಪ್ಪ ಸರ್: “ಆಂಟೆನಾ ಫೇಲ್ ಆಗೇತಿ, ವಿಶಾಖಾ. ಹಂಗ ಬರದು ಕೈ ತೊಳಕೋ.”
ಆಂಟೆನಾ ನನ್ನ ಡಿಸೈನು. “ಅಳೀಲಾರದ ಹೆಂಗ ಬರೀಲಿ ಸರ್?”
“ಟೇಪ್ ಹಿಡಕೊಂಡು ಮ್ಯಾಲ ಹೋಗ್ತಿಯೇನು?”
ಹೋಗಬೇಕಿಲ್ಲ. ನೆಲದಿಂದ ನಿಖರವಾಗಿ ಗೊತ್ತಿರುವ ಪವರಿನಲ್ಲಿ ಸಿಗ್ನಲ್ ಬಿಡುವುದು. ಎಷ್ಟು ಕೇಳಿಸಿತೆಂದು ಉಪಗ್ರಹವೇ ದಾಖಲಿಸಿ, ಇನ್ನೊಂದು ಆಂಟೆನಾದಿಂದ ತಾನಾಗಿಯೇ ಕೆಳಗೆ ಕಳಿಸುತ್ತದೆ. ಪ್ರತಿ ಸಲ ಬೇರೆ ಕೋನ. ಎಲ್ಲ ಜೋಡಿಸಿದರೆ ಆಂಟೆನಾ ಯಾವ ಕಡೆ ಎಷ್ಟು ಕೇಳುತ್ತದೆಂದು ತಿಳಿಯುತ್ತದೆ. ಅಳೆದೇ ತೀರುತ್ತೇನೆ.

೧೧ ಜನವರಿ, ಬಿಜ್ಜರಗಿ
ಕಾಲೇಜಿನ ಕಟ್ಟಡಗಳಿಗೆ ಬಡಿದು ಸಿಗ್ನಲ್ ಕೆಡುತ್ತದೆ. ಬಯಲು ಬೇಕು. ಲ್ಯಾಬಿನ ಗೆಳತಿ ನಸ್ರೀನಳ ಜೊತೆ ಟಿಕೋಟಾ ಬಸ್ಸು ಹಿಡಿದು ಬಂದೆ, ತೊಡೆಯ ಮೇಲೆ ಟ್ರಾನ್ಸ್‌ಮಿಟರ್.
ಹೊಲದೊಡತಿ ಶಂಕ್ರೆವ್ವ: “ಯವ್ವಾ, ಇದರಿಂದ ನನ್ನ ದ್ರಾಕ್ಷಿಗಿ ಏನರೆ ಆಗತೈತೇನ?”
“ಏನೂ ಆಗಂಗಿಲ್ರಿ.”
“ಹಂಗಾರ ಆ ಬಯಲಾಗ ನಿಂದರಸ್ರಿ. ಚಪ್ಪರದ ತಂತಿ ಮಾತ್ರ ಮುಟ್ಟಬ್ಯಾಡ್ರಿ.”
ತಂತಿಗೆ ಬಡಿದರೂ ಸಿಗ್ನಲ್ ಕೆಡುತ್ತದೆ; ದೂರವಿರಬೇಕಾದವರು ನಾವೇ…

೨ ಫೆಬ್ರವರಿ
ಗ್ರಾಫ್ ಬಂತು. ಒಂದು ಬದಿ ಚೆನ್ನಾಗಿ ಕೇಳುತ್ತದೆ. ಇನ್ನೊಂದು ಪೂರ್ತಿ ಕಿವುಡು. ಮೇಲೆ ಹೋದ ಮೇಲೆ ಬಿಚ್ಚಿಕೊಳ್ಳಬೇಕಿದ್ದ ಆಂಟೆನಾದ ಒಂದು ಕಡ್ಡಿ ಮಡಚಿಕೊಂಡೇ ಇದೆ.
ಆದರೂ ಸತ್ತಿಲ್ಲ. ಸತ್ತಿಲ್ಲ!

೩ ಫೆಬ್ರವರಿ
ಸರ್‌ಗೆ ಖುಷಿಯೋ ಖುಷಿ; ಉಪಗ್ರಹದ ಕೆಲಸ ಪರಿಶೀಲಿಸುವ ಕಮಿಟಿ ಆರನೇ ತಾರೀಖಿಗೆ ಬರುತ್ತದೆ. “ಭೇಷ್! ಚಲೋ ಇದ್ದ ಬದಿ ಅಷ್ಟ ಕಮಿಟಿಗಿ ತೋರಸು. ಪೂರ್ತಿ ಯಶಸ್ವಿ ಅಂತ ಬರಿ.”
“ಕಿವುಡು ಬದೀನೂ ತೋರಸ್ತೀನ್ರಿ.”
“ನಿನ್ನ ಹೆಸರ ಕೆಡತೈತಿ.”
“ಕೆಡ್ಲಿ ಬಿಡ್ರಿ.”
ಅಳೆಯದೆ ಸತ್ತಿದೆ ಎನ್ನಲಿಲ್ಲ. ಅಳೆದ ಮೇಲೆ ಪೂರ್ತಿ ಚೆನ್ನಾಗಿದೆ ಎನ್ನುವುದೂ ಇಲ್ಲ.

೬ ಫೆಬ್ರವರಿ
ಪರದೆಯ ಮೇಲೆ ಇಡೀ ಗ್ರಾಫ್ ಹಾಕಿದೆ. ಕಮಿಟಿಯ ಮೇಡಂ ಕೇಳಿದರು, “ಮುಂದೇನ್ರಿ?” ಕೇಳುವ ಬದಿ ನೆಲದತ್ತ ಬರುವಂತೆ ಉಪಗ್ರಹ ತಿರುಗಿಸುತ್ತೇವೆ, ಮತ್ತೆ ಅಳೆಯುತ್ತೇವೆ ಎಂದೆ. ಒಪ್ಪಿದರು.
ಸಂಜೆ ಸರ್ ನನ್ನನ್ನು ಟೀಮ್ ಲೀಡರ್ ಸ್ಥಾನದಿಂದ ತೆಗೆದರು. ತೆಗೆಯಲಿ. ಅಳೆಯುವವಳು ನಾನೇ.

೧೦ ಫೆಬ್ರವರಿ, ಬೆಳಿಗ್ಗೆ, ಬಿಜ್ಜರಗಿ
ತಿರುಗುವ ಕಮಾಂಡನ್ನು ಉಪಗ್ರಹ ನಿನ್ನೆ ಅಂತೂ ಒಪ್ಪಿಕೊಂಡಿತು. ಈಗ ದಿಗಂತದಿಂದ ಮೇಲೇರಿ ಬರುತ್ತಿದೆ. ಕಮಾಂಡ್ ಕಳಿಸಿದೆ. ಲ್ಯಾಪ್‌ಟಾಪ್ ಮುಂದಿನಿಂದ ನಸ್ರೀನ ಕೂಗಿದಳು, “ಉತ್ತರ ಬಂತ ಬೇ!”
ಮತ್ತೊಮ್ಮೆ ಕಳಿಸಿದೆ. ಅದಕ್ಕೂ ಬಂತು. ಇನ್ನೊಂದು—